ಅಡುಗೆಮನೆ ಗೋಡೆಯ ಆಯಿಲ್ ಚುಕ್ಕೆಗಳು

ಆ ಮನೆಯಲ್ಲಿ ಜಗಳಕ್ಕೆ ಕಾರಣ ಬೇಕೇ ಇರಲಿಲ್ಲ, ಊಟಕ್ಕೆ ತಟ್ಟೆ ಇಟ್ಟರೆ ಸಾಕಿತ್ತು. ಆದರೂ ಕಾರಿನ ಇಂಜಿನ್ ಆಯಿಲ್ ಒಂದರ ಬಗ್ಗೆಯೇ ಹನ್ನೆರಡು ವಾರ ಕಿತ್ತಾಡಬಹುದೆಂದು ಸೊಸೆ ಕನಸಿನಲ್ಲೂ ಎಣಿಸಿರಲಿಲ್ಲ.

ಶುರುವಾದದ್ದು ಒಂದು ಭಾನುವಾರ ಬೆಳಗಿನ ತಿಂಡಿಯ ಹೊತ್ತಿಗೆ. ಮಾವ ಬೇಯಿಸಿದ ಮೊಟ್ಟೆಯ ಸಿಪ್ಪೆ ಸುಲಿಯುತ್ತಾ, "ಕಾರು ಐದು ಸಾವಿರ ಕಿಲೋಮೀಟರ್ ಓಡ್ತು. ಆಯಿಲ್ ಬದಲಾಯಿಸ್ಬೇಕು," ಎಂದರು. ಅಷ್ಟೇ.

"ಯಾಕೆ?" ಎಂದ ಸೊಸೆಯ ಗಂಡ.

"ಯಾಕೆ ಅಂದ್ರೆ? ಐದು ಸಾವಿರ ಆಯ್ತು, ಅದಕ್ಕೆ."

"ಅಪ್ಪಾ, ಅದೆಲ್ಲ ಗ್ಯಾರೇಜಿನವರು ಹುಟ್ಟಿಸಿರೋ ಲೆಕ್ಕ. ಈಗಿನ ಆಯಿಲ್ ಹದಿನೈದು ಸಾವಿರ ಬಾಳತ್ತೆ. ಅವರು ಹೆದರಿಸ್ತಾರೆ, ನೀವು ಹೆದರ್ತೀರ."

"ಆಯಿಲ್ ಈಗಿಂದು, ಒಪ್ಕೊಂಡೆ. ಕಾರು ಈಗಿಂದಾ? ಅದಕ್ಕೆ ಹದಿನಾಲ್ಕು ವರ್ಷ ತುಂಬ್ತು."

ಒಲೆಯ ಮುಂದಿದ್ದ ಅತ್ತೆ ತಿರುಗಿಯೂ ನೋಡದೆ ಹೇಳಿದರು: "ಆರು ತಿಂಗಳಿಗೊಂದ್ಸಲ ಫಿಲ್ಟರ್ ಬದಲಾಯಿಸದಿದ್ರೆ ವಿಷ ಕುಡಿದ ಹಾಗೆ ಅಂತ ಮನೆಮನೆಗೆ ಹೋಗಿ ಹೇಳ್ತೀಯಲ್ಲೋ, ಆ ಲೆಕ್ಕ ಯಾರು ಹುಟ್ಟಿಸಿದ್ದು?"

ಗಂಡನ ಕೆಲಸವೇ ನೀರಿನ ಫಿಲ್ಟರ್ ಮಾರುವುದು. ಕಂಪನಿಯ ಚೀಲ ಹೆಗಲಿಗೇರಿಸಿ ದಿನಕ್ಕೆ ಹತ್ತು ಮನೆಯ ಗಂಟೆ ಒತ್ತುತ್ತಿದ್ದ. ಅವನು ಬ್ರೆಡ್ಡು ಬಾಯಲ್ಲಿಟ್ಟುಕೊಂಡೇ, "ಅದು ಬೇರೆ, ಇದು ಬೇರೆ," ಎಂದ.

"ಹೌದಪ್ಪ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ."

ನಾದಿನಿ ಟೀ ಲೋಟದ ಹಿಂದೆ ನಕ್ಕಳು. ಗಂಡನ ತಂಗಿ ಅವಳು. ಏಳು ವರ್ಷದ ಹಿಂದೆ ಮದುವೆ ಮುರಿದುಕೊಂಡು ಒಂದು ಸೂಟ್‌ಕೇಸಿನೊಂದಿಗೆ ವಾಪಸಾಗಿದ್ದಳು. ಮೊದಮೊದಲು ಯಾರದೋ ಶಾಲಾ ವ್ಯಾನು ಓಡಿಸಿ, ಆಮೇಲೆ ಒಂದು ಹಳೆಯ ಡೀಸೆಲ್ ವ್ಯಾನನ್ನು ತನ್ನ ಹೆಸರಿಗೇ ಮಾಡಿಕೊಂಡಿದ್ದಳು. ಹದಿನಾರು ಮಕ್ಕಳನ್ನು ಶಾಲೆಗೆ ಬಿಟ್ಟು ಕರೆತರುತ್ತಿದ್ದಳು. ಮಕ್ಕಳು ಅವಳನ್ನು ಪೈಲಟ್ ಎಂದು ಕರೆಯುತ್ತಿದ್ದವು. ತಿಂಗಳು ತಿಂಗಳು ಮನೆಗೆ ತನ್ನ ಪಾಲು ಕೊಟ್ಟು ತಲೆಯೆತ್ತಿ ಊಟಕ್ಕೆ ಕೂರುತ್ತಿದ್ದಳು ಎಂದರೆ ಅದು ಆ ವ್ಯಾನಿನ ಪುಣ್ಯ.

ಸೊಸೆಗೆ ಸ್ಟೀರಿಂಗ್ ಹಿಡಿಯಲು ಕಲಿಸಿದವಳೂ ಅವಳೇ. ಗಂಡ ಎರಡು ದಿನ ಕಲಿಸಿ ಎರಡು ದಿನವೂ ಬೈದು ಕೈಬಿಟ್ಟಿದ್ದ. ನಾದಿನಿ ಮಾತ್ರ ಒಂದು ಬೇಸಿಗೆ ರಜೆಯಿಡೀ ಖಾಲಿ ವ್ಯಾನಿನಲ್ಲಿ ಪಕ್ಕ ಕೂತು, "ಕ್ಲಚ್ ಮೇಲಿಂದ ಕಾಲು ತೆಗಿ ಅತ್ತಿಗೆ, ಅದೇನು ಹೊಲಿಗೆ ಮಿಷನ್ನಾ?" ಎಂದು ತಾಳ್ಮೆಯಿಂದ ಗೋಳುಹೊಯ್ದುಕೊಂಡಿದ್ದಳು. ಅದರಿಂದಲೇ ಸೊಸೆಗೆ ಲ್ಯಾಬಿನ ಕೆಲಸ ಸಿಕ್ಕಿದ್ದು. ಬೆಳಿಗ್ಗೆ ಆರಕ್ಕೆ ಐಸ್ ಪೆಟ್ಟಿಗೆ ಸಮೇತ ಕಾರಿನಲ್ಲಿ ಹೊರಟು, ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ರಕ್ತದ ಸ್ಯಾಂಪಲ್ ತರುವ ಕೆಲಸ ಅದು. ದಿನಕ್ಕೆ ನೂರು ಕಿಲೋಮೀಟರ್ ದಾಟುತ್ತಿತ್ತು. ಕೆಲಸ ಸಿಕ್ಕ ದಿನದಿಂದ ನಾದಿನಿ ಅವಳಿಗೆ 'ಸೊಳ್ಳೆ' ಎಂದು ಹೆಸರಿಟ್ಟಿದ್ದಳು.

ಕಾರು ನಿಂತರೆ ಕೆಲಸ ನಿಂತಂತೆ. ಆದರೆ ಅಪ್ಪ ಮಗ ವಾದಿಸುವಾಗ, ದಿನಾ ಓಡಿಸುವವಳನ್ನು ಒಂದು ಮಾತು ಕೇಳಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

ಕೊನೆಗೆ ಮಾವ ಎದ್ದು ತಮ್ಮ ಪೆಟ್ಟಿಗೆಯಿಂದ ಬಿಳಿಯ ಹೀರುಕಾಗದಗಳ ಕಟ್ಟು ತಂದರು. ಅವರು ಮೂವತ್ತೊಂದು ವರ್ಷ ಕಾಗದದ ಕಾರ್ಖಾನೆಯ ಪರೀಕ್ಷಾ ಕೋಣೆಯಲ್ಲಿದ್ದವರು. ಬಾಯಿಮಾತು ಅವರಿಗೆ ಹಿಡಿಸುತ್ತಿರಲಿಲ್ಲ. "ವಾದ ಬೇಡ. ವಾರಕ್ಕೊಂದು ಹನಿ ಆಯಿಲ್ ಈ ಕಾಗದದ ಮೇಲೆ ಬಿಡೋಣ. ಹೊಸ ಆಯಿಲ್ ಆದ್ರೆ ಜೇನಿನ ಬಣ್ಣ ಹರಡತ್ತೆ. ಕೊಳೆ ತುಂಬಿದ್ರೆ ನಡುವೆ ಕಪ್ಪು ಕೂರತ್ತೆ. ಕಪ್ಪಾದ ದಿನ ನೀನು ಬಾಯಿ ಮುಚ್ಕೊಂಡು ಬದಲಾಯಿಸ್ಬೇಕು."

"ಕಪ್ಪಾಗದಿದ್ರೆ?"

"ನಾನು ಬಾಯಿ ಮುಚ್ಕೋತೀನಿ."

"ಆಹಾ, ಆ ಭಾಗ್ಯ ಎಲ್ಲಿಂದ ಬರಬೇಕು," ಎಂದರು ಅತ್ತೆ.

ಮೊದಲ ಚುಕ್ಕೆ ಅಡುಗೆಮನೆಯ ಗೋಡೆಗೆ, ಕ್ಯಾಲೆಂಡರಿನ ಪಕ್ಕ ಅಂಟಿಕೊಂಡಿತು. ತಿಳಿ ಕಂದು. ಎರಡನೆಯ ಭಾನುವಾರ ಗಾಢ ಕಂದು. ಮೂರನೆಯದರ ನಡುವೆ ಸಾಸಿವೆಯಷ್ಟು ಕಪ್ಪು ಕೂತಿತ್ತು. ಮಾವ ಅದನ್ನು ಬೆರಳಿಂದ ತೋರಿಸಿದರು. ಗಂಡ ಕಣ್ಣು ಕಿರಿದು ಮಾಡಿ, "ಇದನ್ನ ಕಪ್ಪು ಅಂತಾರಾ? ಇದು ಕಾಫಿ ಬಣ್ಣ," ಎಂದ. ಅರ್ಧ ಗಂಟೆ ಕಪ್ಪು ಎಂದರೇನು ಎಂಬುದರ ಮೇಲೆಯೇ ಕಳೆಯಿತು. ಬೇಯಿಸಿದ ಆಲೂಗಡ್ಡೆ ಆರಿ ಕಲ್ಲಾಯಿತು. ಸೊಸೆಗೆ ತಲೆ ಚಿಟ್ಟುಹಿಡಿಯಿತು.

ಎರಡು ದಿನ ಕಳೆದು ಮಂಗಳವಾರ, ಸೇತುವೆಯ ಏರಿನಲ್ಲಿ ಕಾರಿನ ಹೊಟ್ಟೆಯೊಳಗಿಂದ ಟಕ ಟಕ ಸದ್ದು ಬಂತು. ಹಿಂದಿನ ಸೀಟಿನಲ್ಲಿ ಹನ್ನೊಂದು ಜನರ ರಕ್ತ. ಎರಡು ಗಂಟೆಯೊಳಗೆ ಲ್ಯಾಬ್ ಸೇರದಿದ್ದರೆ ಅಷ್ಟೂ ಜನಕ್ಕೆ ಮತ್ತೆ ಸೂಜಿ ಚುಚ್ಚಬೇಕು. ಟ್ಯೂಬುಗಳನ್ನು ಒಪ್ಪಿಸಿದವಳೇ ಲ್ಯಾಬಿನ ಹಿಂದಿನ ಗಲ್ಲಿಯ ಗ್ಯಾರೇಜಿಗೆ ಕಾರು ತಿರುಗಿಸಿ, ಆಯಿಲ್ಲನ್ನೂ ಅದರ ಫಿಲ್ಟರನ್ನೂ ಬದಲಾಯಿಸಲು ಹೇಳಿದಳು. ಅದೇನು ಬೆಟ್ಟ ಕಡಿಯುವ ಕೆಲಸವಲ್ಲ, ಮುಕ್ಕಾಲು ಗಂಟೆಯಲ್ಲಿ ಮುಗಿಯಿತು.

ಮೆಕ್ಯಾನಿಕ್ ಬಾಗಿಲಿನ ಒಳಬದಿಗೆ ತಾರೀಖಿನ ಚೀಟಿ ಅಂಟಿಸಲು ಬಂದಾಗ ಅವಳು, "ಚೀಟಿ ಬೇಡ," ಎಂದಳು.

"ಯಾಕಮ್ಮಾ?"

"ಮನೇಲಿ ಗೊತ್ತಾಗ್ಬಾರ್ದು."

ಅವನು ಕೈ ಒರೆಸಿಕೊಳ್ಳುತ್ತಿದ್ದ ಬಟ್ಟೆ ಹಾಗೇ ಹಿಡಿದು ನಿಂತ. "ಕಳ್ಳತನದಲ್ಲಿ ಏನೇನೋ ಮಾಡೋರನ್ನ ನೋಡಿದೀನಿ. ಕಳ್ಳತನದಲ್ಲಿ ಆಯಿಲ್ ಬದಲಾಯಿಸೋರನ್ನ ಇದೇ ಮೊದಲು ನೋಡ್ತಿರೋದು."

ಹೇಳಿದ್ದರೆ ಏನಾಗುತ್ತಿತ್ತು ಎಂದು ಅವಳಿಗೆ ಬಾಯಿಪಾಠವಾಗಿ ಗೊತ್ತಿತ್ತು. ಗಂಡ ಮೂರು ದಿನ ಮುಖ ಊದಿಸಿಕೊಳ್ಳುತ್ತಿದ್ದ. ಮಾವ ಮೂರು ವಾರ ಮೀಸೆ ತಿರುವುತ್ತಿದ್ದರು. ನಡುವೆ ಅವಳು ಎರಡೂ ಕಡೆಗೆ ಟೀ ಹೊರಬೇಕಿತ್ತು. ಗಂಡ ಮಾತಿನಲ್ಲಿ ಗೆಲ್ಲಲಿ, ಇಂಜಿನ್ ಬದುಕಲಿ, ನನಗೆ ನಿದ್ದೆ ಸಿಗಲಿ ಎಂದುಕೊಂಡಳು. ಲ್ಯಾಬಿನಲ್ಲಿ ಒಂದು ಟ್ಯೂಬಿನ ಸ್ಟಿಕ್ಕರ್ ಅದಲುಬದಲಾದರೆ ಕೆಲಸ ಹೋಗುತ್ತದೆ. ಯಾರದು, ಯಾವತ್ತಿನದು, ತೆಗೆದವರು ಯಾರು ಎಂದು ಬರೆಯದೆ ಅವಳು ರೋಗಿಯ ಹಾಸಿಗೆಯ ಪಕ್ಕದಿಂದ ಕದಲುತ್ತಿರಲಿಲ್ಲ. ಮನೆಯ ಗೋಡೆಯ ಮೇಲೂ ಇರುವುದು ಸ್ಯಾಂಪಲ್ಲೇ ಎಂಬುದು ಅವಳಿಗೆ ಅಂದು ತೋಚಲೇ ಇಲ್ಲ.

ನಾಲ್ಕನೆಯ ಭಾನುವಾರದ ಚುಕ್ಕೆ ಜೇನಿನಂತೆ ಹೊಳೆಯಿತು.

ಗಂಡ ಕುಣಿಯುವುದೊಂದು ಬಾಕಿ. "ನೋಡಿ! ನೋಡಿ! ಕೊಳೆ ಎಲ್ಲ ಫಿಲ್ಟರ್ ಹಿಡ್ಕೊಂಡಿದೆ. ಮೊದಲು ಎರಡು ಮೂರು ವಾರ ಕೊಳೆ ಏಳತ್ತೆ, ಆಮೇಲೆ ಫಿಲ್ಟರ್ ಕೆಲಸ ಶುರು ಮಾಡತ್ತೆ. ನಮ್ಮ ನೀರಿನ ಮಿಷನ್ನಲ್ಲೂ ಹಾಗೇ. ನನ್ನ ಕಸುಬು ಇದು, ನನಗೆ ಗೊತ್ತಿಲ್ವಾ?"

ಮಾವ ಎಣ್ಣೆ ನೋಡುವ ಕಡ್ಡಿಯನ್ನು ಮೂಗಿನ ಬಳಿ ಹಿಡಿದರು. ಎರಡು ಬೆರಳ ನಡುವೆ ಹನಿಯನ್ನು ಉಜ್ಜಿದರು. ಸೊಸೆಯ ಕಡೆ ಒಮ್ಮೆ ನೋಡಿ, ಮತ್ತೆ ಹನಿಯ ಕಡೆ ನೋಡಿದರು. "ಹೂಂ," ಎಂದರು. ಕಾಗದವನ್ನು ಗೋಡೆಗೆ ಅಂಟಿಸಿ ಕೈತೊಳೆಯಲು ಹೋದರು.

ಅಲ್ಲಿಂದ ಮುಂದೆ ಗಂಡನನ್ನು ಹಿಡಿಯುವವರಿರಲಿಲ್ಲ. ಹಾಲು ತರಲು ಹೋದರೆ ಅಲ್ಲಿ, ಕ್ಷೌರಕ್ಕೆ ಕೂತರೆ ಅಲ್ಲಿ, ಗಿರಾಕಿಗಳ ಮನೆಯಲ್ಲೂ ಇದೇ ಪುರಾಣ. ಬಂದವರಿಗೆಲ್ಲ ಅಡುಗೆಮನೆಯ ಗೋಡೆ ತೋರಿಸುತ್ತಿದ್ದ. "ಏಳು ಸಾವಿರ ಆಯ್ತು, ನೋಡಿ." "ಎಂಟೂವರೆ ಸಾವಿರ, ನೋಡಿ ಹೇಗಿದೆ." ಅತ್ತೆ ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ಇಡುತ್ತಿದ್ದರು. "ಬೇರೆಯವರ ಮನೆ ಗೋಡೇಲಿ ಮಕ್ಕಳ ಫೋಟೋ ಇರತ್ತೆ. ನಮ್ಮನೇಲಿ ಗ್ರೀಸು."

"ಗ್ರೀಸಲ್ಲಮ್ಮ, ಆಯಿಲ್ಲು."

"ಒರೆಸೋಳಿಗೆ ಎರಡೂ ಒಂದೇ."

ಆರನೆಯ ವಾರದ ಒಂದು ಸಂಜೆ ಸೊಸೆ ಅಡುಗೆಮನೆಯಲ್ಲಿ ಬೀನ್ಸ್ ಹೆಚ್ಚುತ್ತಿದ್ದಳು. ನಾದಿನಿ ಒಳಗೆ ಬಂದು ಗೋಡೆಯ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತಳು.

"ಅತ್ತಿಗೆ, ವ್ಯಾನಿಗೂ ಆಯಿಲ್ ಬದಲಾಯಿಸೋ ಟೈಮ್ ಆಯ್ತು. ಅಣ್ಣ ಬೇಡವೇ ಬೇಡ ಅಂತಾನೆ. ಆ ದುಡ್ಡಲ್ಲಿ ಸೀಟಿಗೆ ಹೊಸ ರೆಕ್ಸಿನ್ ಹಾಕಿಸು, ಹರಿದು ಮಕ್ಕಳ ಚಡ್ಡಿಗೆ ಚುಚ್ಚತ್ತೆ ಅಂತಾನೆ. ಅಪ್ಪನೂ ಸುಮ್ಮನಾಗಿಬಿಟ್ಟಿದಾರೆ." ಅವಳು ತಿರುಗಿದಳು. "ದಿನಾ ಓಡಿಸೋಳು ನೀನು. ನಿಜಾನಾ ಇದು?"

ಪಕ್ಕದ ಕೋಣೆಯಲ್ಲಿ ಗಂಡ ಫೋನಿನಲ್ಲಿ ಯಾರಿಗೋ ಇದನ್ನೇ ವಿವರಿಸುತ್ತಿದ್ದ. ಬಾಗಿಲು ತೆರೆದಿತ್ತು. ಸೊಸೆ ಒಮ್ಮೆ ಆ ಕಡೆ ನೋಡಿದಳು.

"ಓಡ್ತಾ ಇದೆಯಲ್ಲ," ಎಂದಳು ತಗ್ಗಿದ ದನಿಯಲ್ಲಿ.

"ಸರಿ ಬಿಡು, ಸೊಳ್ಳೆ ಹೇಳಿದ ಮೇಲೆ ಮುಗೀತು," ಎಂದು ನಾದಿನಿ ಹೆಚ್ಚಿದ ಬೀನ್ಸಿನ ಒಂದು ತುಂಡು ಬಾಯಿಗೆಸೆದುಕೊಂಡು ಹೋದಳು.

ನಾಳೆ ಅವಳೊಬ್ಬಳೇ ಸಿಕ್ಕಾಗ ಹೇಳಿದರಾಯಿತು ಎಂದುಕೊಂಡಳು ಸೊಸೆ. ಮರುದಿನ ಐದಕ್ಕೆ ಎದ್ದು ಓಡಿದಳು. ಆ ಮರುದಿನ ನಾದಿನಿಯೇ ಬೇಗ ಹೊರಟಿದ್ದಳು. ಶನಿವಾರ ವ್ಯಾನಿನ ಸೀಟುಗಳಿಗೆ ನೀಲಿ ರೆಕ್ಸಿನ್ ಬಂತು. ಮನೆಮಂದಿಯೆಲ್ಲ ಹೋಗಿ ಕೂತು ನೋಡಿದರು, ಸೊಸೆಯೂ ಕೂತಳು. ಹತ್ತನೆಯ ವಾರ ಚುಕ್ಕೆ ಮತ್ತೆ ಕಂದಾಗತೊಡಗಿದಾಗ ಅವಳು ಅದೇ ಗಲ್ಲಿಯಲ್ಲಿ ಎರಡನೆಯ ಬಾರಿ ಆಯಿಲ್ ಬದಲಾಯಿಸಿಕೊಂಡು ಬಂದಳು. ಮೆಕ್ಯಾನಿಕ್ ಕೇಳದೆಯೇ ಚೀಟಿಯನ್ನು ಜೇಬಿಗಿಟ್ಟುಕೊಂಡ.

ಹನ್ನೆರಡನೆಯ ವಾರದ ಬುಧವಾರ ಫೋನ್ ಬಂತು.

"ಅತ್ತಿಗೆ, ವ್ಯಾನ್ ನಿಂತ್ಹೋಯ್ತು. ದೊಡ್ಡ ಸದ್ದು ಬಂತು. ಮಕ್ಕಳೆಲ್ಲ ಒಳಗಿದಾವೆ. ಬೇಗ ಬಾ."

ಮುಖ್ಯರಸ್ತೆಯ ತಿರುವಿನಲ್ಲಿ ವ್ಯಾನು ಅಡ್ಡಾದಿಡ್ಡಿ ನಿಂತಿತ್ತು. ಹಿಂದೆ ಲಾರಿಗಳು ಬಾಯಿಬಡಿದುಕೊಳ್ಳುತ್ತಿದ್ದವು. ನಾದಿನಿ ಹದಿನಾರು ಮಕ್ಕಳನ್ನೂ ಕಾಲುದಾರಿಯ ಮೇಲೆ ಸಾಲಾಗಿ ಕೂರಿಸಿ ಎರಡೆರಡು ಸಲ ಎಣಿಸುತ್ತಿದ್ದಳು. ಯಾರಿಗೂ ಏನೂ ಆಗಿರಲಿಲ್ಲ, ಒಬ್ಬಳು ಮಾತ್ರ ಹೆದರಿ ಅಳುತ್ತಿದ್ದಳು. ಸೊಸೆ ಖಾಲಿ ಐಸ್ ಪೆಟ್ಟಿಗೆಯನ್ನು ಡಿಕ್ಕಿಗೆ ಹಾಕಿ, ನಾಲ್ಕು ನಾಲ್ಕು ಮಕ್ಕಳಂತೆ ನಾಲ್ಕು ಸುತ್ತು ಶಾಲೆಗೆ ಬಿಟ್ಟು ಬಂದಳು. ಕಾರು ಬೆಣ್ಣೆಯಂತೆ ಓಡಿತು.

ವ್ಯಾನಿನ ಮಾಮೂಲಿ ಗ್ಯಾರೇಜಿನಲ್ಲಿ ಕಡ್ಡಿ ಎಳೆದು ನೋಡಿದರೆ ತುದಿಗೆ ಡಾಂಬರಿನಂಥದ್ದು ಚೂರು ಮೆತ್ತಿತ್ತು, ಅಷ್ಟೇ. "ಹಳೇ ಇಂಜಿನ್ನು, ಆಯಿಲ್ ಕುಡಿಯತ್ತೆ," ಎಂದ ಅಲ್ಲಿನ ಮೆಕ್ಯಾನಿಕ್. "ಪ್ರತಿಸಲ ಬದಲಾಯಿಸುವಾಗ ಪೂರ್ತಿ ತುಂಬ್ತಿದ್ವಿ, ಸರಿಹೋಗ್ತಿತ್ತು. ಈ ಸಲ ಬಾನೆಟ್ಟೇ ಎತ್ತಿಲ್ಲ ನೀವು. ಆಯಿಲ್ ದೀಪ ಹತ್ತಲಿಲ್ವಾ?"

"ಆ ದೀಪ ಎರಡು ವರ್ಷದ ಹಿಂದೆನೇ ಸತ್ತಿದೆ," ಎಂದಳು ನಾದಿನಿ. "ಎಷ್ಟು ದಿನ ಬೇಕು?"

"ಇಂಜಿನ್ ಪೂರ್ತಿ ಬಿಚ್ಚಬೇಕು. ಮೂರು ವಾರ ಅಂತ ಇಟ್ಕೊಳ್ಳಿ."

ಶಾಲೆ ಮುಗಿಯಲು ಇನ್ನೂ ಎರಡು ತಿಂಗಳಿತ್ತು. ಮೂರು ವಾರ ಮಕ್ಕಳನ್ನು ಕಾಯಿಸಿಕೊಂಡು ಕೂರುವ ತಂದೆತಾಯಿ ಎಲ್ಲಿದ್ದಾರೆ? ಅಂದು ಸಂಜೆಯೊಳಗೆ ಐದು ಮನೆಯವರು ಬೇರೆ ವ್ಯಾನು ನೋಡಿಕೊಂಡರು.

ರಾತ್ರಿಯ ಊಟಕ್ಕೆ ಎಲ್ಲರೂ ಕೂತರು. ಉಣ್ಣುತ್ತಿದ್ದವನು ಗಂಡನೊಬ್ಬನೇ.

"ಅದು ಆಯಿಲ್ ತಪ್ಪಲ್ಲ," ಎಂದ ಅವನು. "ಸೋರಿಕೆ ಇದ್ದಿರ್ಬೇಕು. ಇಲ್ಲ ನೀನು ಎಳೆದು ಓಡಿಸಿರ್ಬೇಕು. ಕಾರು ನೋಡು, ಹನ್ನೆರಡು ಸಾವಿರ ದಾಟಿದೆ. ಸಾಕ್ಷಿ ಗೋಡೆ ಮೇಲಿದೆ."

"ಎಣ್ಣೆ ಬಂದಾಗ ಕಣ್ಣು ಮುಚ್ಕೊಂಡು ಈಗ ಗೋಡೆ ತೋರಿಸ್ತಾನೆ," ಎಂದರು ಅತ್ತೆ.

"ಅಮ್ಮಾ, ಬಿಡು," ಎಂದಳು ನಾದಿನಿ. ದನಿ ಕುಗ್ಗಿತ್ತು. "ನನ್ನದೇ ತಪ್ಪು. ಮಕ್ಕಳು ಗಲಾಟೆ ಮಾಡಿದ್ರೆ ನಾನು ಗೇರ್ ಸರಿಯಾಗಿ ಹಾಕ್ತಿರ್ಲಿಲ್ಲ ಅನ್ಸತ್ತೆ. ಅದೇ ಆಯಿಲ್ಲಲ್ಲಿ ಅತ್ತಿಗೆ ಕಾರು ಓಡಿಸಿಲ್ವಾ? ನನ್ನ ಕೈಗುಣವೇ ಸರಿಯಿಲ್ಲ. ಹಿಡಿದಿದ್ದೆಲ್ಲ ಮುರಿಯತ್ತೆ."

ಕಡೆಯ ಮಾತು ವ್ಯಾನಿನದಲ್ಲವೆಂದು ಅಲ್ಲಿ ಕೂತವರಿಗೆಲ್ಲ ಗೊತ್ತಿತ್ತು. ಸೊಸೆಗೆ ಇನ್ನು ತಡೆಯಲಾಗಲಿಲ್ಲ.

"ಅದೇ ಆಯಿಲ್ ಅಲ್ಲ," ಎಂದಳು. "ನಾನು ಬದಲಾಯಿಸಿದೀನಿ. ಎರಡು ಸಲ."

ಗಂಡ ಲೋಟ ಕೆಳಗಿಟ್ಟ. "ಏನಂದೆ?"

"ಮೂರನೇ ವಾರ ಒಂದ್ಸಲ, ಹತ್ತನೇ ವಾರ ಒಂದ್ಸಲ. ಫಿಲ್ಟರೂ ಹೊಸದು. ಆ ಗೋಡೆ ಮೇಲಿರೋದೆಲ್ಲ ಸುಳ್ಳು."

"ನನ್ನನ್ನ ಮೂರು ತಿಂಗಳು ಕೋತಿ ಥರ ಕುಣಿಸಿದ್ಯಾ? ಊರೆಲ್ಲ ಹೇಳ್ಕೊಂಡು ಬಂದೆನಲ್ಲೇ!"

"ಹೇಳ್ಕೊಂಡು ಬನ್ನಿ ಅಂತ ನಾನು ಹೇಳಿದ್ನಾ? ಒಂದು ದಿನ, ಒಂದೇ ಒಂದು ದಿನ, ನಿನಗೆ ಕಾರು ಹೇಗೆ ಅನ್ನಿಸ್ತಿದೆ ಅಂತ ಕೇಳಿದ್ರಾ ನೀವು? ಸೇತುವೆ ಮೇಲೆ ನಿಂತುಹೋಗಿದ್ರೆ ಯಾರು ಬರ್ತಿದ್ರಿ?"

"ಹಾಗಂತ ಮೋಸ ಮಾಡೋದಾ? ಅಪ್ಪಾ, ಕೇಳಿದ್ರಾ?"

ಮಾವ ತಟ್ಟೆಯಲ್ಲೇ ಕಣ್ಣಿಟ್ಟಿದ್ದರು. "ನನಗೆ ಗೊತ್ತಿತ್ತು," ಎಂದರು. "ನಾಲ್ಕನೇ ಚುಕ್ಕೇಲೇ ಗೊತ್ತಾಯ್ತು. ಆಯಿಲ್ ತಾನಾಗೇ ಎಳೇದಾಗೋದಿಲ್ಲ. ಬದಲಾಯಿಸಿದಾಳಲ್ಲ, ಸದ್ಯ, ಅಂತ ಸುಮ್ಮನಾದೆ."

"ಗೊತ್ತಿತ್ತಾ!" ಅತ್ತೆ ಸೌಟನ್ನು ಪಾತ್ರೆಗೆ ಹಾಕಿದ ರಭಸಕ್ಕೆ ಸಾರು ಮೇಜಿನ ಮೇಲೆಲ್ಲ ಹಾರಿತು. "ಮೂವತ್ತೊಂದು ವರ್ಷ ಪರೀಕ್ಷೆ ಮಾಡಿ ಕಲಿತದ್ದು ಇದೇನಾ ನೀವು? ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರೆ. ಇಲ್ಲಿ ಎಲ್ಲರೂ ಸೇರಿ ಬಡವು ಮಾಡಿದ್ರಿ."

ನಾದಿನಿ ಅಣ್ಣನನ್ನು ನೋಡಲಿಲ್ಲ, ಅಪ್ಪನನ್ನೂ ನೋಡಲಿಲ್ಲ. ಸೊಸೆಯನ್ನೇ ನೋಡುತ್ತಾ ಕೇಳಿದಳು: "ಅವರಿಬ್ಬರ ವಿಷಯ ಬಿಡು. ಅವರನ್ನ ನಾನು ಕೇಳಿರ್ಲಿಲ್ಲ. ನಿನ್ನ ಕೇಳಿದ್ದೆ. ಇದೇ ಗೋಡೆ ಮುಂದೆ ನಿಂತು ಕೇಳಿದ್ದೆ."

ನಾದಿನಿ ತಟ್ಟೆ ತೊಳೆದಿಟ್ಟು ತನ್ನ ಕೋಣೆಗೆ ಹೋದಳು.

ಆಮೇಲಿನ ಮೂರು ವಾರ ಮನೆ ಮನೆಯಾಗಿರಲಿಲ್ಲ. ಜಗಳವೂ ಇಲ್ಲ, ಅದೇ ಹೆಚ್ಚು ಕಷ್ಟವಾಗಿತ್ತು. ಗೋಡೆಯ ಕಾಗದಗಳನ್ನು ಮಾವನೇ ಒಂದೊಂದಾಗಿ ಕಿತ್ತರು. ಅಂಟಿನ ಗುರುತು ಉಳಿಯಿತು. ಗಂಡ ಹಾಲಿನ ಅಂಗಡಿಯ ದಾರಿ ಬಿಟ್ಟು ಸುತ್ತುಬಳಸಿ ಓಡಾಡತೊಡಗಿದ. ಒಂದು ಬೆಳಿಗ್ಗೆ ಯಾರಿಗೂ ಹೇಳದೆ ಗ್ಯಾರೇಜಿಗೆ ಹೋಗಿ, ವ್ಯಾನಿನ ಸತ್ತ ಆಯಿಲ್ ದೀಪಕ್ಕೆ ಹೊಸ ಬಲ್ಬು ಹಾಕಿಸಿ ಬಂದ. ಬಂದು ಹೇಳಿಕೊಳ್ಳಲೂ ಇಲ್ಲ, ಮೆಕ್ಯಾನಿಕ್‌ನಿಂದ ಗೊತ್ತಾಯಿತು. ಉಳಿದ ಹನ್ನೊಂದು ಮಕ್ಕಳಲ್ಲಿ ಹತ್ತಿರದ ನಾಲ್ವರನ್ನು ಸೊಸೆ ತನ್ನ ಸುತ್ತು ಮುಗಿದ ಮೇಲೆ ಕಾರಿನಲ್ಲಿ ಬಿಡುತ್ತಿದ್ದಳು. ನಾದಿನಿ ಪಕ್ಕದಲ್ಲಿ ಕೂರುತ್ತಿದ್ದಳು. "ಎಡಕ್ಕೆ ಅತ್ತಿಗೆ." "ಇಲ್ಲೇ ನಿಲ್ಲಿಸು ಅತ್ತಿಗೆ." ಅದಕ್ಕಿಂತ ಹೆಚ್ಚು ಒಂದು ಮಾತಿಲ್ಲ. 'ಸೊಳ್ಳೆ' ಎಂಬ ಶಬ್ದ ಆ ಬಾಯಲ್ಲಿ ಹುಟ್ಟಲೇ ಇಲ್ಲ. ಆ ಹೆಸರಿಗಾಗಿ ತಾನು ಹೀಗೆ ಹಂಬಲಿಸುತ್ತೇನೆಂದು ಸೊಸೆಗೆ ಗೊತ್ತಿರಲಿಲ್ಲ.

ವ್ಯಾನು ಒಂದು ಶನಿವಾರ ಸಂಜೆ ಮನೆಗೆ ಬಂತು. ಭಾನುವಾರ ಬೆಳಿಗ್ಗೆ ಸೊಸೆ ಬಟ್ಟೆ ಒಣಹಾಕಲು ಹೊರಗೆ ಬಂದಾಗ ನಾದಿನಿ ಬಾನೆಟ್ ಎತ್ತಿ ನಿಂತಿದ್ದಳು. ಗಂಡ ಮೆಟ್ಟಿಲ ಮೇಲೆ ಟೀ ಕುಡಿಯುತ್ತಾ ಕೂತಿದ್ದ. ಒಳಗೆ ಕಿಟಕಿಯ ಹತ್ತಿರ ಮಾವನ ಪೇಪರು ಅಲುಗುತ್ತಿತ್ತು.

"ಬಾ ಇಲ್ಲಿ," ಎಂದಳು ನಾದಿನಿ.

ಸೊಸೆ ಒದ್ದೆ ಕೈಯಲ್ಲೇ ಹೋದಳು. ನಾದಿನಿ ಕಡ್ಡಿ ಎಳೆದು, ಒರೆಸಿ, ಮತ್ತೆ ಅದ್ದಿ ತೆಗೆದು ಅವಳ ಕೈಗೆ ಕೊಟ್ಟಳು. "ಎಷ್ಟಿದೆ?"

"ಮೇಲಿನ ಗೆರೆಯ ಹತ್ತಿರ. ಸರಿಯಾಗಿದೆ."

"ಮತ್ತೆ ಯಾವಾಗ ಬದಲಾಯಿಸ್ಬೇಕು? ಬದಲಾಯಿಸ್ಬೇಕಾ, ಬೇಡ್ವಾ?"

ಮೆಟ್ಟಿಲ ಮೇಲೆ ಟೀ ಹೀರುವ ಸದ್ದು ನಿಂತಿತು. ಪೇಪರೂ ಅಲುಗಲಿಲ್ಲ. ಸೊಸೆ ಗಂಡನ ಕಡೆ ತಿರುಗಲು ಹೋದ ಕುತ್ತಿಗೆಯನ್ನು ಅರ್ಧಕ್ಕೇ ತಡೆದಳು.

"ಬೇಕು," ಎಂದಳು ಮೆಲ್ಲಗೆ. "ಐದು ಸಾವಿರಕ್ಕೆ. ನಾನು ಕಾರಿಗೂ ಬದಲಾಯಿಸ್ತೀನಿ."

"ಕೇಳಿಸ್ಲಿಲ್ಲ," ಎಂದಳು ನಾದಿನಿ. ಮುಖದಲ್ಲಿ ನಗು ಇರಲಿಲ್ಲ. "ಅವತ್ತೂ ಹೀಗೇ ಪಿಸುಗುಟ್ಟಿದ್ದೆ. ಜೋರಾಗಿ ಹೇಳು, ಸೊಳ್ಳೆ."

ಸೊಸೆ ಜೋರಾಗಿಯೇ ಹೇಳಿದಳು. ಎದುರುಮನೆಯವರು ಜಗಳ ಮತ್ತೆ ಶುರುವಾಯಿತೆಂದು ಕಿಟಕಿ ತೆರೆದು ನೋಡಿದರು.